ಅಂಕಿತವೂ ಬಿರುದೂ: ಸಂಗೀತಸಂಮಾನಗಳ ವಿಷಯವಾಗಿ ಒಂದು ವಿಮರ್ಶೆ

ಪ್ರಶಸ್ತಿಯೆಂಬ ಶಬ್ದಕ್ಕೆ ಶಾಸನಗಳನ್ನು ಓದಿ ಬಲ್ಲವರು ಕೊಡುವ ಅರ್ಥವೇ ಬೇರೆ, ಇಂದಿನ ವೃತ್ತಪತ್ರಿಕೆಗಳನ್ನು ಓದುವವರು ಕೊಡುವ ಅರ್ಥವೇ ಬೇರೆ. ಕ್ರಿ. ಶ. 634ರಲ್ಲಿ ರವಿಕೀರ್ತಿಯು ಐಹೊಳೆಯ ಮೇಗುಟಿಯ ಜಿನಾಲಯದಲ್ಲಿ ಬರೆಯಿಸಿದ್ದು ಇಮ್ಮಡಿ ಪುಲಿಕೇಶಿಯ ಪ್ರಶಸ್ತಿ. ಅದು ಒಂದು ರಚನೆ. ಗೆದ್ದ ನಾಡುಗಳನ್ನೂ ಸೋತ ಅರಸರನ್ನೂ ಹೆಸರಿಸಿ, ಹೊಗಳಿಕೆಗೆ ಕಾರಣವನ್ನು ಒಂದೊಂದಾಗಿ ಮುಂದಿಡುವ ಕಾವ್ಯ. ಅದೇ ರವಿಕೀರ್ತಿ ಕಡೆಯಲ್ಲಿ ತನ್ನ ಕೀರ್ತಿಯನ್ನು ಕಾಳಿದಾಸ ಭಾರವಿಗಳ ಕೀರ್ತಿಗೆ ಸರಿದೂಗಿಸಿಕೊಂಡು, ಕೊಡುವವರಿಗೆ ಕಾಯದೆ ತನಗೆ ತಾನೇ ಒಂದು ಸಂಮಾನವನ್ನು ಕೊಟ್ಟುಕೊಂಡಿದ್ದಾನೆ. ಅದನ್ನು ಓದಿ ನಗುವವರುಂಟು. ಆದರೆ ಆ ಹೆಮ್ಮೆಗೆ ಆಧಾರವಾದ ಪದ್ಯಗಳು ಅದೇ ಕಲ್ಲಿನ ಮೇಲಿವೆ. ಓದಿದವರು ಒಪ್ಪಬಹುದು, ಬಿಡಬಹುದು. ಈಗ ಪ್ರಶಸ್ತಿಯೆಂದರೆ ಒಂದು ಫಲಕ, ಒಂದು ಶಾಲು, ಒಂದು ಮೊತ್ತ. ರಚನೆಯೆಂಬ ಮೂಲಾರ್ಥವು ಪ್ರಶಸ್ತಿಪತ್ರವೆಂಬ ಕಾಗದದಲ್ಲಿ ಮಾತ್ರ ಉಳಿದಿದೆ. ಆ ಕಾಗದವನ್ನು ಸಭೆಯಲ್ಲಿ ಓದುವಾಗ ಕೇಳುವವರು ವಿರಳ.

ಸಂಗೀತಗಾರರಿಗೆ ವರ್ಷಕ್ಕೊಮ್ಮೆ ಸಭೆ ಕೂಡಿಸಿ ಸಂಮಾನ ಮಾಡುವ ಪದ್ಧತಿಯು ಇಂದು ಎಲ್ಲ ದೇಶಗಳಲ್ಲಿಯೂ ಬೇರೂರಿದೆ. ಈ ಪದ್ಧತಿಯಿಂದ ಕನ್ನಡದ ಹಾಡುಗಬ್ಬಕ್ಕೆ ಏನು ದೊರೆತಿದೆ, ಏನು ತಪ್ಪಿಹೋಗಿದೆ ಎಂಬುದು ಪ್ರಕೃತ ವಿಚಾರ. ಇದನ್ನು ಮೈಸೂರಿನಿಂದಾಗಲಿ ಧಾರವಾಡದಿಂದಾಗಲಿ ನೋಡುವುದಕ್ಕಿಂತ ರಾಯಚೂರು ಸೀಮೆಯ ಮಾನ್ವಿ, ದೇವದುರ್ಗ, ಬಾಗಲವಾಡಗಳ ಕಡೆಯಿಂದ ನೋಡಿದರೆ ಕೆಲವು ಸಂಗತಿಗಳು ಸ್ಪಷ್ಟವಾಗುತ್ತವೆ. ಕೃಷ್ಣಾ ತುಂಗಭದ್ರೆಗಳ ನಡುವಣ ಈ ನೆಲದಲ್ಲಿ ಹದಿನೆಂಟನೆಯ ಶತಮಾನದಲ್ಲಿ ಹಾಡುಗಾರರಿಗೆ ಸಲ್ಲುತ್ತಿದ್ದ ಸಂಮಾನವು ಬಿರುದಾಗಿರಲಿಲ್ಲ, ಅಂಕಿತವಾಗಿತ್ತು.

ಮಾನ್ವಿ ತಾಲ್ಲೂಕಿನ ಚೀಕಲಪರ್ವಿಯಲ್ಲಿ ಹುಟ್ಟಿದ ವಿಜಯದಾಸರು (1682-1755), ಮೊಸರಕಲ್ಲಿನ ಭಾಗಣ್ಣನೆಂಬ ಗೋಪಾಲದಾಸರು, ಬ್ಯಾಗವಾಟದ ಶ್ರೀನಿವಾಸಾಚಾರ್ಯರೆಂಬ ಜಗನ್ನಾಥದಾಸರು (1728-1809), ಲಿಂಗಸುಗೂರಿನ ಪ್ರಾಣೇಶದಾಸರು: ದಾಸಸಾಹಿತ್ಯದ ಎರಡನೆಯ ಘಟ್ಟದ ಮುಖ್ಯರೆಲ್ಲ ಕೆಲವೇ ಹರದಾರಿಗಳ ಒಳಗಿನವರು. ಇವರಲ್ಲಿ ಒಬ್ಬರಿಗೂ ಆಸ್ಥಾನದ ಬಿರುದಿನಿಂದ ಹೆಸರು ಬಂದುದಲ್ಲ. ಪುರಂದರದಾಸರು ಸ್ವಪ್ನದಲ್ಲಿ ತೋರಿ ವಿಜಯವಿಠಲನೆಂಬ ಅಂಕಿತವನ್ನು ಕೊಟ್ಟರೆಂದು ವಿಜಯದಾಸರ ಚರಿತ್ರೆ ಹೇಳುತ್ತದೆ. ವಿಜಯದಾಸರು ಭಾಗಣ್ಣನಿಗೆ ಗೋಪಾಲವಿಠಲನೆಂಬ ಅಂಕಿತವನ್ನು ಕೊಟ್ಟರು. ಜಗನ್ನಾಥವಿಠಲನೆಂಬುದು ಶ್ರೀನಿವಾಸಾಚಾರ್ಯರಿಗೆ ಪಂಢರಪುರದ ಚಂದ್ರಭಾಗೆಯಲ್ಲಿ ದೊರೆಯಿತೆಂದು ಪ್ರತೀತಿ. ಇವೆಲ್ಲ ಭಕ್ತರು ಬರೆದ ಚರಿತ್ರೆಗಳು. ಇತಿಹಾಸದ ತಕ್ಕಡಿಯಲ್ಲಿ ತೂಗಿದರೆ ಇವುಗಳಲ್ಲಿ ಎಷ್ಟು ನಿಲ್ಲುವುದೆಂಬುದು ಬೇರೆಯ ವಿಚಾರ. ಆದರೆ ಸಂಮಾನವೆಂದರೇನು ಎಂಬ ಪ್ರಶ್ನೆಗೆ ಒಂದು ಜನಸಮುದಾಯವು ಯೋಚಿಸಿ ಕೊಟ್ಟ ಉತ್ತರವಾಗಿ ಇವನ್ನು ಓದಿದರೆ ಇವುಗಳ ಬೆಲೆ ಕಡಮೆಯಾಗದು.

ಶ್ರೀನಿವಾಸಾಚಾರ್ಯರ ಕಥೆಯನ್ನೇ ತೆಗೆದುಕೊಳ್ಳಬಹುದು. ಸಂಸ್ಕೃತದಲ್ಲಿ ದೊಡ್ಡ ಪಾಂಡಿತ್ಯವುಳ್ಳ ಅವರು ಕನ್ನಡದಲ್ಲಿ ಹಾಡುವ ವಿಜಯದಾಸರನ್ನು ಲಘುವಾಗಿ ಕಂಡು, ಅವರು ಕರೆದ ಊಟಕ್ಕೆ ಹೋಗದೆ ಹೊಟ್ಟೆನೋವಿನ ನೆವ ಹೇಳಿ ಕಳುಹಿದರು. ನೆವವೇ ನಿಜವಾಗಿ ವ್ಯಾಧಿ ಹತ್ತಿತು. ಕಡೆಗೆ ಗೋಪಾಲದಾಸರು ತಮ್ಮ ಆಯುಸ್ಸಿನಲ್ಲಿ ನಾಲ್ವತ್ತು ವರ್ಷಗಳನ್ನು ಧಾರೆಯೆರೆದು ಅವರನ್ನು ಬದುಕಿಸಿದರು. ಪವಾಡವನ್ನು ಬದಿಗಿಟ್ಟು ಕಥೆಯ ನ್ಯಾಯವನ್ನು ನೋಡಬೇಕು. ಒಂದು ಕಡೆ ವಿದ್ವತ್ಸಭೆಯ ಮರ್ಯಾದೆ: ಆಚಾರ್ಯನೆಂಬ ಹೆಸರು, ವಾದದಲ್ಲಿ ಜಯ, ಸಂಭಾವನೆ. ಮತ್ತೊಂದು ಕಡೆ ತಂಬೂರಿ ಹಿಡಿದವನು ಇನ್ನೊಬ್ಬ ತಂಬೂರಿಯವನಿಗೆ ಕೊಡುವ ಒಂದು ಹೆಸರು. ಮೊದಲನೆಯದು ಪಡೆದವನನ್ನು ಎತ್ತರಿಸುತ್ತದೆ. ಎರಡನೆಯದರಲ್ಲಿ ಖರ್ಚಾಗುವುದು ಕೊಟ್ಟವನ ಆಯುಸ್ಸು. ಸಂಮಾನ ಕೊಡುವವನಿಗೂ ಏನಾದರೊಂದು ನಷ್ಟವಿರಬೇಕೆಂಬ ಈ ಭಾವವು ಇಂದಿನ ಯಾವ ಪುರಸ್ಕಾರದ ನಿಯಮಾವಳಿಯಲ್ಲಿಯೂ ಕಾಣದು.

ಅಂಕಿತದ ಲಕ್ಷಣಗಳಲ್ಲಿ ಮುಖ್ಯವಾದುದು, ಅದು ಕೃತಿಯ ಕೊನೆಯಲ್ಲಿ ದೊರೆಯುವ ಬಹುಮಾನವಲ್ಲ, ಮೊದಲಿಗೇ ಕೊಡುವ ಹೊಣೆ. ಪಡೆದವನು ಆ ಬಳಿಕ ಹಾಡಿದ ಪ್ರತಿಯೊಂದು ಪದದ ತುದಿಯಲ್ಲಿಯೂ ಅದನ್ನು ತೀರಿಸುತ್ತ ಹೋಗಬೇಕು. ಅವನ ಸ್ವಂತ ಹೆಸರು ಅಳಿಯುತ್ತದೆ. ಭಾಗಣ್ಣನೂ ಶ್ರೀನಿವಾಸಾಚಾರ್ಯನೂ ಪದಗಳಲ್ಲಿ ಎಲ್ಲಿಯೂ ಇಲ್ಲ. ಗೋಪಾಲದಾಸರ ಪರಿವಾರದಲ್ಲಿ ಗುರುಗೋಪಾಲವಿಠಲ, ವರದಗೋಪಾಲವಿಠಲ ಎಂಬ ಅಂಕಿತಗಳು ಹುಟ್ಟಿದುದನ್ನು ನೋಡಿದರೆ, ಒಂದು ಮನೆತನದ ವಂಶವೃಕ್ಷವೇ ಹಾಡುಗಳ ಕೊನೆಯ ನುಡಿಯಲ್ಲಿ ಬರೆದಿಟ್ಟಂತಿದೆ. ಗ್ರಂಥಸಂಪಾದಕರಿಗೆ ಇದು ದೊಡ್ಡ ಸಹಾಯ, ದೊಡ್ಡ ತೊಡಕೂ ಹೌದು. ಬಾಯಿಂದ ಬಾಯಿಗೆ ಬಂದ ಪದಗಳಲ್ಲಿ ಒಬ್ಬರ ಅಂಕಿತದ ಸ್ಥಾನದಲ್ಲಿ ಮತ್ತೊಬ್ಬರದು ಕೂತಿರುವುದನ್ನು ಹಸ್ತಪ್ರತಿಗಳನ್ನು ತಿದ್ದಿದವರೆಲ್ಲ ಬಲ್ಲರು. ಹಾಡುವವರಿಗೆ ಆ ಭೇದ ಅಷ್ಟು ಮುಖ್ಯವೆನಿಸಲಿಲ್ಲವೆಂಬುದೂ ಒಂದು ಬಗೆಯ ಸಾಕ್ಷ್ಯವೇ.

ಅಂಕಿತವನ್ನು ಸ್ತ್ರೀಯರಿಗೆ ಕೊಡಬಾರದೆಂಬ ತಡೆಯೂ ಆಗ ಇರಲಿಲ್ಲ. ಹೆಳವನಕಟ್ಟೆ ಗಿರಿಯಮ್ಮನಿಗೆ ಹೆಳವನಕಟ್ಟೆ ರಂಗನೆಂಬ ಅಂಕಿತವನ್ನು ಕೊಟ್ಟವರು ಗೋಪಾಲದಾಸರೆಂದೇ ಸಂಪ್ರದಾಯ ಹೇಳುತ್ತದೆ. 1928ರಲ್ಲಿ ಸ್ಥಾಪಿತವಾದ ಮದರಾಸಿನ ಮ್ಯೂಸಿಕ್ ಅಕಾಡೆಮಿಯು ತನ್ನ ಸಂಗೀತಕಲಾನಿಧಿಯನ್ನು ಒಬ್ಬ ಸ್ತ್ರೀಗೆ ಕೊಡಲು 1968ರವರೆಗೆ ತಡೆಯಬೇಕಾಯಿತು. ಆ ವರ್ಷ ಅದನ್ನು ಪಡೆದವರು ಎಂ. ಎಸ್. ಸುಬ್ಬುಲಕ್ಷ್ಮಿಯವರು.

ಇಷ್ಟು ಹೇಳಿದಮೇಲೆ ಅಂಕಿತದ ಸಂಕೋಚವನ್ನು ಮರೆಸುವುದು ನ್ಯಾಯವಲ್ಲ. ಅದು ಒಂದು ಮತದ, ಬಹುಮಟ್ಟಿಗೆ ಒಂದೇ ಸಮಾಜದ ಒಳಗಣ ವ್ಯವಹಾರ. ಅದೇ ಹೊಲಗಳ ಬದುವಿನಲ್ಲಿ ತತ್ತ್ವಪದ ಹಾಡಿದವರು, ದರ್ಗಾಗಳ ಮುಂದೆ ಹಾಡಿದವರು ಈ ಅಂಕಿತದ ಎಲ್ಲೆಯ ಹೊರಗೆ ಉಳಿದರು. ಅವರಿಗೂ ತಮ್ಮ ತಮ್ಮ ಮುದ್ರಿಕೆಗಳಿದ್ದವೆನ್ನಿ. ಇನ್ನೂ ಹಿಂದಕ್ಕೆ ಹೋದರೆ ಇದೇ ಜಿಲ್ಲೆಯ ಅಮರೇಶ್ವರದ ಆಯ್ದಕ್ಕಿ ಲಕ್ಕಮ್ಮನಿದ್ದಾಳೆ. ಗಂಡನು ಎಂದಿನದಕ್ಕಿಂತ ಹೆಚ್ಚಾಗಿ ಆಯ್ದು ತಂದ ಅಕ್ಕಿಯನ್ನು ಹಿಂದಕ್ಕೆ ಸುರಿದು ಬರಲು ಹೇಳಿದವಳು. ಆಕೆಯ ಅಂಕಿತದಲ್ಲಿ ಆ ಗಂಡನ ಹೆಸರೂ ಊರ ದೇವರ ಹೆಸರೂ ಒಟ್ಟಿಗಿವೆ. ಅದನ್ನು ಗುರುವೊಬ್ಬನು ಕೊಡಬೇಕಾಗಿರಲಿಲ್ಲ. ಎಲ್ಲರಿಗೂ ತೆರೆದಿರುವ, ಜಾತಿಮತಗಳನ್ನು ಕೇಳದ ಇಂದಿನ ಸಾರ್ವಜನಿಕ ಪುರಸ್ಕಾರವು ಈ ಒಂದು ಅಂಶದಲ್ಲಿ ದಾಸರ ಅಂಕಿತಕ್ಕಿಂತ ಮೇಲೆಂದು ಒಪ್ಪಲೇಬೇಕು.

ಆಸ್ಥಾನಗಳ ಬಿರುದಿನ ವಿಚಾರವನ್ನು ಇಲ್ಲಿ ಬೆಳೆಸಬೇಕಾಗಿಲ್ಲ, ಅದು ಪ್ರಸಿದ್ಧವಾದುದು. ನಾಲ್ವಡಿ ಕೃಷ್ಣರಾಜ ಒಡೆಯರು 1902ರಲ್ಲಿ ವೀಣೆ ಶೇಷಣ್ಣನವರಿಗೆ (1852-1926) ವೈಣಿಕಶಿಖಾಮಣಿಯೆಂಬ ಬಿರುದನ್ನು ಕೊಟ್ಟರು. ಕೊಟ್ಟವರು ಸ್ವತಃ ಸಂಗೀತವನ್ನು ಬಲ್ಲವರು. ಪಡೆದವರನ್ನು ದಿನವೂ ಕೇಳುತ್ತಿದ್ದವರು. ಆದುದರಿಂದ ಆ ಬಿರುದಿಗೆ ಕಾರಣಗಳನ್ನು ಬರೆದು ತೋರಿಸುವ ಅಗತ್ಯವೇ ಬೀಳಲಿಲ್ಲ. ಕಾರಣಗಳನ್ನು ತಿಳಿಯಬೇಕೆನ್ನುವವರು ಮೈಸೂರು ವಾಸುದೇವಾಚಾರ್ಯರ 'ನಾ ಕಂಡ ಕಲಾವಿದರು' ಎಂಬ ಪುಸ್ತಕವನ್ನು ನೋಡಬಹುದು. ಒಬ್ಬ ವಿದ್ವಾಂಸನು ತನ್ನ ಸಮಾನರನ್ನು ಕುರಿತು ಬರೆದ ಅಂಥ ಚಿತ್ರಗಳೇ ನಿಜವಾದ ಪ್ರಶಸ್ತಿಗಳು. ಆದರೆ ಅರಮನೆಯ ಬಿರುದು ಅರಮನೆಯ ಎಲ್ಲೆಯನ್ನು ದಾಟುವುದು ವಿರಳ. ರಾಯಚೂರು ಸೀಮೆಯು 1948ರವರೆಗೆ ನಿಜಾಮರ ರಾಜ್ಯದಲ್ಲಿತ್ತು, 1956ರ ನವೆಂಬರಿನಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ದಸರಾ ದರ್ಬಾರಿನ ಖಿಲ್ಲತ್ತು ಈ ಕಡೆಗೆ ಬರುವ ದಾರಿಯೇ ಇರಲಿಲ್ಲ. ಅದಕ್ಕೂ ಹಿಂದೆ ಈ ಸೀಮೆಯನ್ನು ಆಳಿದ ಬಿಜಾಪುರದ ಇಮ್ಮಡಿ ಇಬ್ರಾಹಿಂ ಆದಿಲಶಾಹನು (1580-1627) ದಖನೀ ಭಾಷೆಯಲ್ಲಿ 'ಕಿತಾಬೆ ನೌರಸ್' ಎಂಬ ಹಾಡುಗಳ ಗ್ರಂಥವನ್ನು ರಚಿಸಿ, ಜಗದ್ಗುರುವೆಂದು ಕರೆಯಿಸಿಕೊಂಡನು. ಅಲ್ಲಿ ಬಿರುದು ಅರಸನಿಂದ ಗಾಯಕನಿಗೆ ಬರದೆ ಗಾಯಕನಾದ ಅರಸನಿಗೇ ಸಂದಿದೆ.

ಸ್ವಾತಂತ್ರ್ಯದ ಬಳಿಕ ಅರಸರ ಸ್ಥಾನಕ್ಕೆ ಸರಕಾರವೂ ಸಭೆಗಳೂ ಬಂದವು. ದಿಲ್ಲಿಯ ಸಂಗೀತ ನಾಟಕ ಅಕಾಡೆಮಿಯು 1953ರ ಜನವರಿಯಲ್ಲಿ ಉದ್ಘಾಟಿತವಾಯಿತು. ಅದರ ಪುರಸ್ಕಾರವು ಟಿ. ಚೌಡಯ್ಯನವರಿಗೆ 1957ರಲ್ಲಿ, ಮಲ್ಲಿಕಾರ್ಜುನ ಮನಸೂರರಿಗೆ 1971ರಲ್ಲಿ, ಗಂಗೂಬಾಯಿ ಹಾನಗಲ್ಲರಿಗೆ 1973ರಲ್ಲಿ, ಭೀಮಸೇನ ಜೋಶಿಯವರಿಗೆ 1975ರಲ್ಲಿ ಸಂದಿತು. ಭೀಮಸೇನರಿಗೆ 2008ರಲ್ಲಿ ಭಾರತರತ್ನವೂ ಘೋಷಿತವಾಯಿತು. ಇವುಗಳಲ್ಲಿ ಅನರ್ಹರಿಗೆ ಸಂದುದು ಒಂದೂ ಇಲ್ಲ. ಆದರೂ ಈ ಪಟ್ಟಿಯನ್ನು ಸಾಹಿತ್ಯದ ಕಣ್ಣಿನಿಂದ ನೋಡಿದರೆ ಒಂದು ವಿಚಿತ್ರ ಎದ್ದುಕಾಣುತ್ತದೆ. ಮನಸೂರರನ್ನು ಕನ್ನಡ ನಾಡಿನ ಸಾಮಾನ್ಯ ಜನ ಬಲ್ಲದ್ದು ವಚನಗಳಿಂದ. ಭೀಮಸೇನರನ್ನು ಬಲ್ಲದ್ದು ದಾಸವಾಣಿಯಿಂದ. ಪುರಸ್ಕಾರ ಬಂದುದಾದರೋ ಖಯಾಲಿಗೆ, ಹಿಂದೂಸ್ಥಾನೀ ಗಾಯನವೆಂಬ ವರ್ಗದಲ್ಲಿ. ಅವರು ಹಾಡಿದ ಕನ್ನಡಕ್ಕೆ ಆ ವರ್ಗದಲ್ಲಿ ಲೆಕ್ಕವಿಲ್ಲ.

ವರ್ಗವೆಂಬ ಈ ಮಾತಿನಲ್ಲಿಯೇ ವಾರ್ಷಿಕ ಪುರಸ್ಕಾರಗಳ ಬಲವೂ ರೋಗವೂ ಅಡಗಿವೆ. ಇದು ನಮ್ಮ ನಾಡಿನ ರೋಗ ಮಾತ್ರವಲ್ಲ. ಆಸ್ಟ್ರೇಲಿಯಾ ದೇಶದಲ್ಲಿ ಧ್ವನಿಮುದ್ರಿಕೆಗಳನ್ನು ತಯಾರಿಸಿ ಮಾರುವ ಸಂಸ್ಥೆಗಳು 1983ರಲ್ಲಿ ಒಂದು ಸಂಘವನ್ನು ಕಟ್ಟಿಕೊಂಡು, 1987ರ ಮಾರ್ಚಿನಲ್ಲಿ ಸಿಡ್ನಿಯಲ್ಲಿ ಮೊದಲ ಪುರಸ್ಕಾರಸಭೆಯನ್ನು ನಡೆಯಿಸಿದವು. ಆರಿಯಾ ಎಂಬ ಹೆಸರಿನಿಂದ ಅದು ಆ ದೇಶದ ರಾಷ್ಟ್ರೀಯ ಉತ್ಸವವೇ ಆಗಿ ಬೆಳೆದಿದೆ. ಸರಕು ಮಾರುವವರೇ ಸರಕಿಗೆ ಗುಣಮುದ್ರೆ ಒತ್ತುವ ಈ ಏರ್ಪಾಡನ್ನು ಹಳಿಯುವುದು ಸುಲಭ; ಆದರೆ ಅದು ಕೆಲವು ಒಳ್ಳೆಯ ಕೆಲಸಗಳನ್ನೂ ಮಾಡಿದೆ. ಆ ಖಂಡದ ಮೂಲನಿವಾಸಿಗಳೂ ಬಿಳಿಯರೂ ಕೂಡಿದ ಯೋತು ಯಿಂಡಿಯೆಂಬ ಮೇಳವು, ಮೂಲನಿವಾಸಿಗಳೊಡನೆ ಒಡಂಬಡಿಕೆಯಾಗಬೇಕೆಂದು ಕೇಳಿ ಹಾಡಿದ 'ಟ್ರೀಟಿ' ಎಂಬ ಹಾಡಿಗೆ 1992ರಲ್ಲಿ ವರ್ಷದ ಹಾಡೆಂಬ ಮನ್ನಣೆ ದೊರೆಯಿತು. ಗಾಯಕ ಗಾಯಕಿಯರಿಗೆ ಬೇರೆ ಬೇರೆಯಾಗಿದ್ದ ಶ್ರೇಷ್ಠತೆಯ ವರ್ಗಗಳನ್ನು 2021ರಲ್ಲಿ ಒಂದು ಮಾಡಲಾಯಿತು. ಆದರೆ 2008ರಲ್ಲಿ ಗುರ್ರುಮುಲ್ ಎಂಬ ಅಂಧಗಾಯಕನು ಯೋಲ್ಙು ಜನರ ನುಡಿಯಲ್ಲಿ ಹಾಡಿದ ಮುದ್ರಿಕೆಗೆ ಪುರಸ್ಕಾರ ಕೊಟ್ಟುದು ವಿಶ್ವಸಂಗೀತವೆಂಬ ವರ್ಗದಲ್ಲಿ. ಆ ನೆಲದ ಅತ್ಯಂತ ಹಳೆಯ ನುಡಿಗಳಲ್ಲೊಂದು ಆ ನೆಲದಲ್ಲಿಯೇ ಹೊರಗಿನದಾಗಿ ಲೆಕ್ಕಕ್ಕೆ ಬಂದಿತು. ಕೊಟ್ಟವರ ಉದ್ದೇಶದಲ್ಲಿ ದೋಷವಿಲ್ಲ. ಆ ಹಾಡನ್ನು ಇರಿಸಲು ಅವರ ಬಳಿ ಇದ್ದ ಗೂಡುಗಳಲ್ಲಿ ಅದೊಂದು.

ಅಮೆರಿಕದ ಗ್ರಾಮಿಯಲ್ಲಿಯೂ ಇದೇ ಕಥೆ. ರವಿಶಂಕರರ ಸಿತಾರಿಗೆ 1968ರಲ್ಲಿ, ಮೆನುಹಿನ್ನರ ಪಿಟೀಲಿನೊಡನೆ, ಯೂರೋಪಿನ ಕೊಠಡಿವಾದ್ಯದ ವರ್ಗದಲ್ಲಿ ಸ್ಥಾನ ಸಿಕ್ಕಿತು. ಬೆಂಗಳೂರಿನ ರಿಕಿ ಕೇಜರಿಗೆ 2015ರಲ್ಲಿ ಬಂದುದು ನವಯುಗಸಂಗೀತವೆಂಬ ವರ್ಗದಿಂದ.

ಕರ್ಣಾಟಕದ ಗೂಡುಗಳು ಯಾವುವು? ರಾಜ್ಯದ ಸಂಗೀತ ನೃತ್ಯ ಅಕಾಡೆಮಿಯು ಕರ್ನಾಟಕ ಕಲಾಶ್ರೀ ಎಂಬ ಬಿರುದನ್ನು ಕರ್ಣಾಟಕ ಸಂಗೀತ, ಹಿಂದೂಸ್ಥಾನೀ ಸಂಗೀತ, ನೃತ್ಯ, ಸುಗಮಸಂಗೀತ, ಕಥಾಕೀರ್ತನ, ಗಮಕ ಎಂಬ ವಿಭಾಗಗಳಲ್ಲಿ ಕೊಡುತ್ತ ಬಂದಿದೆ. ಗಮಕಕ್ಕೂ ಕೀರ್ತನಕ್ಕೂ ಸ್ಥಾನವಿತ್ತುದು ಶ್ಲಾಘ್ಯವೆಂದೇ ಹೇಳಬೇಕು. ದಿಲ್ಲಿಯವರಿಗಿಂತ ಇಲ್ಲಿಯವರ ವಿವೇಚನೆ ಸೂಕ್ಷ್ಮವಾಗಿದೆ. ಸುಗಮಸಂಗೀತಕ್ಕೆ ಸಂತ ಶಿಶುನಾಳ ಷರೀಫರ ಹೆಸರಿನಲ್ಲಿ, ಸಂಗೀತನೃತ್ಯಗಳಿಗೆ ಕನಕಪುರಂದರರ ಹೆಸರಿನಲ್ಲಿ ಸರಕಾರದ ಪ್ರಶಸ್ತಿಗಳಿವೆ. ನವಕೋಟಿಯನ್ನು ಬಿಟ್ಟು ಗೋಪಾಳಬುಟ್ಟಿ ಹಿಡಿದನೆಂದು ನಾಡೇ ಹೇಳುವ ದಾಸನ ಹೆಸರಿನಲ್ಲಿ ನಿಧಿಯನ್ನು ಅರ್ಪಿಸುವುದರಲ್ಲಿ ಇರುವ ವಿಪರ್ಯಾಸವನ್ನು ಎತ್ತಿ ಆಡಬೇಕಾಗಿಲ್ಲ. ಕಲಾವಿದರಿಗೂ ಮನೆ ನಡೆಯಬೇಕು.

ಕೇಳಬೇಕಾದ ಪ್ರಶ್ನೆ ಬೇರೆ. ಬಾಗಲವಾಡದಂತಹ ಊರಿನಲ್ಲಿ ರಾತ್ರಿ ಭಜನೆಗೆ ಕುಳಿತವನು ಜಗನ್ನಾಥದಾಸರ ಪದವನ್ನೂ ಅದರ ಬೆನ್ನಿಗೆ ಒಂದು ತತ್ತ್ವಪದವನ್ನೂ ಹಾಡಿದರೆ ಅವನು ಯಾವ ವಿಭಾಗದವನು? ರಾಗವನ್ನು ಶಾಸ್ತ್ರೀಯವಾಗಿ ವಿಸ್ತರಿಸನು, ಆದುದರಿಂದ ಮೊದಲ ಎರಡರಲ್ಲಿ ಸೇರನು. ಭಾವಗೀತದ ಹೊಸ ಮಟ್ಟುಗಳನ್ನು ಅರಿಯನು, ಆದುದರಿಂದ ಸುಗಮದವನಲ್ಲ. ಕಥೆ ಹೇಳನು. ಜನಪದ ವಿಭಾಗಕ್ಕೆ ಕಳುಹಿಸೋಣವೆಂದರೆ ಹಾಡಿನ ಕರ್ತೃವಿನ ಹೆಸರು ತಿಳಿದಿದೆ, ಕಾಲ ತಿಳಿದಿದೆ, ವೇದಾಂತದ ಪರಿಭಾಷೆ ತುಂಬಿದೆ. ದಾಸರ ಪದವು ಸಂಗೀತ ಕಚೇರಿಯಲ್ಲಿ ದೇವರನಾಮವಾಗಿ ಕೊನೆಯ ಕಾಲುಗಂಟೆಗೆ ಇಳಿದುದೂ, ಪುರಸ್ಕಾರದ ಪಟ್ಟಿಯಲ್ಲಿ ಅದಕ್ಕೆ ಸ್ವತಂತ್ರ ಸ್ಥಾನವಿಲ್ಲದಿರುವುದೂ ಒಂದೇ ಎಣಿಕೆಯ ಎರಡು ಫಲಗಳು. ಮಾತು ದೊಡ್ಡದಾದಷ್ಟೂ ಸಂಗೀತ ಸಣ್ಣದಾಗುತ್ತದೆಂಬುದೇ ಆ ಎಣಿಕೆ. ಇದು ಪರಿಶೀಲಿಸದೆ ಒಪ್ಪಿಕೊಂಡ ಎಣಿಕೆ. ದಾಸರ ಕೃತಿಗಳನ್ನೇ ನೋಡಿದರೆ ಅದು ನಿಲ್ಲುವುದಿಲ್ಲ.

ಸೂಳಾದಿಯ ಉದಾಹರಣೆಯೊಂದೇ ಸಾಕು. ವಿಜಯದಾಸರ ಹೆಸರು ವಿಶೇಷವಾಗಿ ನಿಂತಿರುವುದು ಸೂಳಾದಿಗಳಿಂದ. ಧ್ರುವ, ಮಠ್ಯ, ರೂಪಕ, ಝಂಪೆ, ತ್ರಿಪುಟ, ಅಟ್ಟ, ಏಕ ಎಂಬ ತಾಳಗಳಲ್ಲಿ ನುಡಿಯಿಂದ ನುಡಿಗೆ ನಡೆ ಬದಲಾಗುತ್ತ, ಜತೆಯೆಂಬ ಎರಡು ಸಾಲಿನಲ್ಲಿ ಮುಗಿಯುವ ಈ ರಚನೆಯು ಕನ್ನಡದಲ್ಲಿ ಮಾತೂ ತಾಳವೂ ಒಂದನ್ನೊಂದು ಬಿಡದೆ ನಡೆದುದರ ಅತಿ ಕಠಿಣವಾದ ನಿದರ್ಶನ. ವಿಚಾರವು ತಿರುಗಿದಲ್ಲಿ ತಾಳವೂ ತಿರುಗುತ್ತದೆ. ತಾಳ ಬದಲಾದುದರಿಂದಲೇ ವಾದದ ಹೊಸ ಮೆಟ್ಟಿಲು ಕೇಳುವವನಿಗೆ ತಿಳಿಯುತ್ತದೆ. ಓದುವ ಪುಸ್ತಕದಲ್ಲಿ ಇದು ಹೊಳೆಯುವುದಿಲ್ಲ. ವಿಜಯದಾಸರು ಚೀಕಲಪರ್ವಿಯ ಕಡೆ ಬಾಳುತ್ತಿದ್ದ ಅದೇ ಕಾಲದಲ್ಲಿ ತಂಜಾವೂರಿನ ತುಳಜಮಹಾರಾಜನು (1728-1736) ತನ್ನ 'ಸಂಗೀತಸಾರಾಮೃತ'ದಲ್ಲಿ ರಾಗಗಳ ಲಕ್ಷಣವನ್ನು ಹೇಳುವಾಗ ಸೂಳಾದಿಗಳ ಸಂಚಾರಗಳನ್ನು ಪ್ರಮಾಣವಾಗಿ ಎತ್ತಿಕೊಡುತ್ತಾನೆ. ಎಂದರೆ ದಕ್ಷಿಣದ ಲಕ್ಷಣಕಾರರಿಗೆ ಸೂಳಾದಿಯು ಲಘುವಾದ ಭಜನೆಯಾಗಿರಲಿಲ್ಲ, ರಾಗನಿರ್ಣಯಕ್ಕೆ ಸಾಕ್ಷಿಯಾಗಿತ್ತು. ಆ ಬಗೆಯ ಗಾಯನವು ಬಹುಮಟ್ಟಿಗೆ ನಿಂತುಹೋಗಿದೆ. ಪಾಠ ಉಳಿದಿದೆ, ಪಾರಾಯಣ ಉಳಿದಿದೆ. ಅದನ್ನು ಮರಳಿ ಹಾಡಲು ಹೊರಟ ವಿದ್ವಾಂಸನಿಗೆ ವರ್ಷದ ಪುರಸ್ಕಾರಗಳಲ್ಲಿ ಯಾವ ಕಡೆಯಿಂದ ಪ್ರವೇಶವೆಂದು ಕೇಳಿದರೆ, ಆತನು ಗಾಯಕನೋ ಸಂಶೋಧಕನೋ ಎಂಬ ಮರುಪ್ರಶ್ನೆ ಏಳುತ್ತದೆ.

ಈ ತೊಡಕಿಗೆ ಮದರಾಸಿನ ಅಕಾಡೆಮಿಯವರು ಕಂಡುಕೊಂಡ ದಾರಿಯೊಂದುಂಟು. ಅಲ್ಲಿ ಸಂಗೀತಕಲಾನಿಧಿಯು ಬರಿಯ ಪದಕವಲ್ಲ. ಆ ವರ್ಷದ ಸಮ್ಮೇಲನಕ್ಕೆ ಅಧ್ಯಕ್ಷನಾಗಿ ಕುಳಿತು, ಬೆಳಗಿನ ವಿದ್ವತ್ಸಭೆಗಳಲ್ಲಿ ಲಕ್ಷ್ಯಲಕ್ಷಣಗಳ ಚರ್ಚೆಯನ್ನು ನಡೆಯಿಸಿದ ಬಳಿಕ, ಜನವರಿ 1ರ ಸದಸ್ಸಿನಲ್ಲಿ ಬಿರುದು ಕೈಗೆ ಬರುತ್ತದೆ. 1935ರಲ್ಲಿ ವಾಸುದೇವಾಚಾರ್ಯರು ಆ ಪೀಠದಲ್ಲಿ ಕುಳಿತಾಗ ಬಿರುದೆಂಬುದೇ ಇರಲಿಲ್ಲ. ಅದು 1942ರಲ್ಲಿ ಏರ್ಪಟ್ಟು ಹಿಂದಿನ ಅಧ್ಯಕ್ಷರಿಗೂ ಸಂದಿತು. ಮೊದಲು ಕೆಲಸ, ಅನಂತರ ಹೆಸರು ಎಂಬ ಈ ಕ್ರಮವು ಅಂಕಿತಕ್ಕೆ ವಿಲೋಮವಾದರೂ ಹೊಣೆಯ ಅಂಶದಲ್ಲಿ ಅಂಕಿತಕ್ಕೆ ಹತ್ತಿರವಾದುದು. ಹಾಗೆಂದು ಅಲ್ಲಿಯೂ ಎಲ್ಲವೂ ನೆಟ್ಟಗಿದೆಯೆನ್ನುವಂತಿಲ್ಲ. 2024ರಲ್ಲಿ ಟಿ. ಎಂ. ಕೃಷ್ಣರ ಆಯ್ಕೆಯ ಮೇಲೆ ಎದ್ದ ವಿವಾದದಲ್ಲಿ ಗಾಯನದ ಗುಣದೋಷಗಳ ಮಾತು ಎಷ್ಟು ಕಡಮೆ ಬಂದಿತೆಂಬುದನ್ನು ನೋಡಿದರೆ, ಸಂಮಾನದ ವಿಷಯದಲ್ಲಿ ಜಗಳವಾಡುವಾಗಲೂ ಸಂಗೀತವಿಮರ್ಶೆಯನ್ನು ಮರೆಯುವ ಅಭ್ಯಾಸ ಎಷ್ಟು ಬಲವಾಗಿದೆಯೆಂಬುದು ತಿಳಿಯುತ್ತದೆ.

ರಾಯಚೂರು ನಗರದ ರಂಗಮಂದಿರಕ್ಕೆ ಪಂಡಿತ ಸಿದ್ಧರಾಮ ಜಂಬಲದಿನ್ನಿಯವರ ಹೆಸರನ್ನಿಟ್ಟಿದ್ದಾರೆ. ಇದೇ ಜಿಲ್ಲೆಯಿಂದ ಬಂದು, ಹಿಂದೂಸ್ಥಾನೀ ಪದ್ಧತಿಯನ್ನು ಅಭ್ಯಸಿಸಿ, ಅದರ ಬಲದಿಂದ ವಚನಗಳನ್ನೂ ದಾಸರ ಪದಗಳನ್ನೂ ಹಾಡಿ ಜನಮನದಲ್ಲಿ ನಿಲ್ಲಿಸಿದವರು ಅವರು. ಹೆಸರನ್ನು ಕಟ್ಟಡಕ್ಕೆ ಇಡುವುದು ಒಳ್ಳೆಯ ಸಂಮಾನ. ಅದಕ್ಕಿಂತ ಅಗತ್ಯವಾದುದು, ವಚನದ ಗದ್ಯಲಯವನ್ನು ಅವರು ತಾಳಕ್ಕೆ ಹೇಗೆ ಅಳವಡಿಸಿದರು, ಯಾವ ಶಬ್ದದ ಮೇಲೆ ನಿಂತರು, ಯಾವುದನ್ನು ಹಾರಿಸಿದರು ಎಂದು ಬರೆದಿಡುವುದು. ಅಂಥ ಬರಹವೇ ಶಾಸನಗಳ ಅರ್ಥದಲ್ಲಿ ಪ್ರಶಸ್ತಿಯೆನಿಸೀತು. ಪುರಸ್ಕಾರ ಕೊಡುವ ಸಂಸ್ಥೆಗಳು ಪ್ರತಿ ವರ್ಷವೂ ತಮ್ಮ ಆಯ್ಕೆಗೆ ಕಾರಣಗಳನ್ನು ನಾಲ್ಕು ಪುಟಗಳಷ್ಟು ಬರೆದು ಅಚ್ಚುಮಾಡಿಸಿದರೆ, ಹತ್ತು ವರ್ಷಗಳಲ್ಲಿ ಕನ್ನಡದಲ್ಲಿ ಸಂಗೀತವಿಮರ್ಶೆಯೆಂಬುದು ಒಂದು ಶಾಸ್ತ್ರವಾಗಿ ನಿಲ್ಲಲು ತಳಹದಿಯಾದೀತು. ಇದಕ್ಕೆ ಹೆಚ್ಚಿನ ವೆಚ್ಚವಿಲ್ಲ. ಶಾಲುಗಳಿಗೆ ತಗಲುವುದಕ್ಕಿಂತ ಕಡಮೆಯೇ.

ಮಾನ್ವಿಯಲ್ಲಿಯೂ ವರ್ಷಕ್ಕೊಮ್ಮೆ ಸಂಗೀತದ ಸಭೆ ಕೂಡುತ್ತದೆ. ಭಾದ್ರಪದ ಶುದ್ಧ ನವಮಿ ಜಗನ್ನಾಥದಾಸರ ಆರಾಧನೆ. ಕಾರ್ತಿಕ ಶುದ್ಧ ದಶಮಿ ವಿಜಯದಾಸರದು. ಆ ದಿನ ಹಾಡುವವರಲ್ಲಿ ಮೊದಲನೆಯವರು ಎರಡನೆಯವರೆಂಬ ಎಣಿಕೆಯಿಲ್ಲ, ವಿಭಾಗಗಳಿಲ್ಲ. ಕಲಿತವರೂ ಕಲಿಯದವರೂ ಸರದಿಯಂತೆ ಹಾಡುತ್ತಾರೆ. ಹಾಡು ಮುಗಿಯುವಲ್ಲಿ ಅಂಕಿತ ಬರುತ್ತದೆ, ಆ ಹೆಸರನ್ನು ಕೂಡಿದವರೆಲ್ಲ ಒಟ್ಟಿಗೆ ಹೇಳುತ್ತಾರೆ. ಹರಿಕಥಾಮೃತಸಾರದ 32 ಸಂಧಿಗಳಲ್ಲಿ ಯಾವುದನ್ನು ತೆಗೆದರೂ ಭಾಮಿನಿಯ ನಡೆಯನ್ನು ಬಾಯಲ್ಲಿಟ್ಟುಕೊಂಡ ಹೆಂಗಸರು ಅಲ್ಲಿ ಸಿಗುತ್ತಾರೆ. ಸೂಳಾದಿಯನ್ನು ಅದರ ಏಳು ತಾಳಗಳಲ್ಲಿ ಹಾಡಬಲ್ಲವರು ಆ ಸಭೆಯಲ್ಲಿಯೂ ವಿರಳ.